ಬಾವಿಯೂ ಭರತವೂ ಇಲ್ಲದ ಕುದ್ರು: ಒಬ್ಬ ಲೇಖಕಿಗೆ ಉತ್ತರ

ಆತ್ಮೀಯ ಲೇಖಕಿಯವರಿಗೆ ನಮಸ್ಕಾರ.

ನಿಮ್ಮ ‘ನದಿಯ ನಡುವೆ ನಮ್ಮ ಮನೆ’ ತಲುಪಿದೆ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಗಂಡ, ಇಬ್ಬರು ಮಕ್ಕಳು ಮತ್ತು ಅತ್ತೆಯವರೊಂದಿಗೆ ಉಡುಪಿ ಕಡೆಯ ಒಂದು ಕುದ್ರುವಿಗೆ (ನದಿ ನಡುವಿನ ದ್ವೀಪಕ್ಕೆ) ಸಂಸಾರ ಸಾಗಿಸಿದ ಮೊದಲ ವರ್ಷದ ಕಥನ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಕುದ್ರುಗಳ ಬಗ್ಗೆ ನಮಗೆ ಬರುವ ಹೆಚ್ಚಿನ ಬರಹಗಳು ಒಂದೆರಡು ದಿನ ಹೋಂಸ್ಟೇಯಲ್ಲಿ ತಂಗಿ, ಕಯಾಕ್ ಹತ್ತಿಳಿದು ಹೋದವರದ್ದು. ನೀವು ಅಲ್ಲಿ ಮಳೆಗಾಲವನ್ನೂ ಬೇಸಿಗೆಯನ್ನೂ ಕಳೆದವರು. ಅದಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇವೆ.

ನಿಮ್ಮ ಬರಹದಲ್ಲಿ ಸೂರ್ಯೋದಯ ಇದೆ, ಬೆಳ್ಳಕ್ಕಿಗಳಿವೆ, ‘ನಿಶ್ಶಬ್ದ’ ಎಂಬ ಮಾತು ಹನ್ನೊಂದು ಕಡೆ ಇದೆ. ಮನೆ ನಡೆಯುವುದು ಹೇಗೆ ಎಂಬುದು ಮಾತ್ರ ಎಲ್ಲೂ ಇಲ್ಲ. ಕುದ್ರುವಿನಲ್ಲಿ ಮನೆ ನಡೆಸುವುದು ಎರಡು ನೀರು: ಸುತ್ತಲಿನ ಹೊಳೆಯದ್ದು, ಹಿತ್ತಲ ಬಾವಿಯದ್ದು. ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಬಟ್ಟೆ ಯಾವ ದಿನ ಒಗೆಯಬೇಕು, ಯಾರ ಮನೆಗೆ ಯಾವ ಮುಖ ಹೊತ್ತು ಹೋಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅವೇ. ನೀವು ಅವೆರಡನ್ನೂ ಹಿನ್ನೆಲೆಯ ಚಿತ್ರ ಮಾಡಿಬಿಟ್ಟಿದ್ದೀರಿ.

ಮೊದಲು ಹೊಳೆ. ನದಿಯ ಹೆಸರನ್ನೇ ಬರೆದಿಲ್ಲ. ಅಂಗಳದಿಂದ ಕೆಮ್ಮಣ್ಣು ಊರಿನ ತೂಗುಸೇತುವೆ ಕಾಣುತ್ತದೆ ಎಂದಿರುವುದರಿಂದ ಸ್ವರ್ಣೆ ಎಂದುಕೊಂಡೆವು. ಹೆಸರು ಬರೆಯಿರಿ. ಸ್ವರ್ಣೆಯ ಕುದ್ರುವಿನ ಬದುಕು ಒಂದು, ಪಂಚಗಂಗಾವಳಿಯ ಉಪ್ಪಿನಕುದ್ರುವಿನದ್ದು ಇನ್ನೊಂದು, ನೇತ್ರಾವತಿಯ ಪಾವೂರು ಉಳಿಯದ್ದು ಮತ್ತೊಂದು. ಸೇತುವೆ ಇದೆಯೇ, ವಾಹನ ಹೋಗುತ್ತದೆಯೇ, ಅಳಿವೆ (ಹೊಳೆ ಕಡಲು ಸೇರುವ ಜಾಗ) ಎಷ್ಟು ದೂರ ಎಂಬುದರ ಮೇಲೆ ಎಲ್ಲವೂ ಬದಲಾಗುತ್ತದೆ.

ಎರಡನೇ ಪುಟದಲ್ಲಿ ಹುಣ್ಣಿಮೆಯ ಸಂಜೆ ಆರೂವರೆಗೆ ಹೊಳೆ ದಡ ಮುಟ್ಟಿ ತುಂಬಿತ್ತು, ತೆಂಗಿನ ಗರಿಗಳ ನಡುವೆ ಚಂದ್ರ ಏಳುತ್ತಿದ್ದ ಎಂದಿದ್ದೀರಿ. ಚಂದ್ರ ಸರಿ, ನೀರು ತಪ್ಪು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ (ಉಬ್ಬರ) ಬರುವುದು ನಡುಹಗಲು ಮತ್ತು ನಡುರಾತ್ರಿಯ ಆಸುಪಾಸಿನಲ್ಲಿ. ಸಂಜೆ ಆರರ ಹೊತ್ತಿಗೆ ಇಳಿತ. ಅಳಿವೆಯಿಂದ ಒಳಕ್ಕೆ ಹೋದಷ್ಟೂ ಸ್ವಲ್ಪ ತಡವಾಗುತ್ತದೆ, ಆದರೂ ಅದು ಇಳಿತವೇ. ಆ ಹೊತ್ತಿಗೆ ನಿಮ್ಮ ಅಂಗಳದ ಅಂಚಿನಲ್ಲಿ ಕೆಸರು ತೆರೆದಿರುತ್ತದೆ, ಏಡಿಯ ಬಿಲಗಳು ಕಾಣುತ್ತವೆ, ಮರುವಾಯಿ (ಚಿಪ್ಪುಮೀನು) ಹೆಕ್ಕಿದವರು ಬುಟ್ಟಿ ಜಾಲಿಸುತ್ತಿರುತ್ತಾರೆ. ಕೆಸರಿನ ಮೇಲೆ ಹುಣ್ಣಿಮೆ ಬೆಳಕು ಬೀಳುವುದನ್ನು ಹೊರಗಿನವರು ಯಾರೂ ಬರೆದು ನಾವು ಓದಿಲ್ಲ. ನೀವು ಪ್ರತಿ ಹುಣ್ಣಿಮೆಗೂ ನೋಡುತ್ತಿದ್ದೀರಿ. ನೋಡಿದ್ದನ್ನು ಬಿಟ್ಟು ಕ್ಯಾಲೆಂಡರಿನ ಚಿತ್ರವನ್ನು ಬರೆದಿದ್ದೀರಿ.

‘ಮಕ್ಕಳು ದಿನವೂ ದೋಣಿಯಲ್ಲಿ ಶಾಲೆಗೆ ಹೋಗುತ್ತಾರೆ, ಎಂಥ ಭಾಗ್ಯ!’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ ವಿಷಯಕ್ಕೆ ಒಂದು ಪುಟ ಬೇಕು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಅಂದರೆ ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಶಾಲೆಯ ಗಂಟೆ ತಡವಾಗುವುದಿಲ್ಲ. ಇವತ್ತು ಬೆಳಗ್ಗೆ ಏಳೂವರೆಗೆ ಕಡವಿನ (ದೋಣಿ ಹತ್ತಿಳಿಯುವ ಜಾಗದ) ಮೆಟ್ಟಿಲಿಗೇ ತಾಗಿದ ದೋಣಿ, ಒಂದು ವಾರ ಕಳೆದು ಅದೇ ಏಳೂವರೆಗೆ ಮರಳದಿಬ್ಬದ ಆಚೆ ನಿಂತಿರುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ, ಹೇಗೋ ನಡೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಬೆಳಗಿನ ಇಳಿತಕ್ಕೆ ಸಿಕ್ಕಿದರೆ ಸಮವಸ್ತ್ರ ಮೊಣಕಾಲಿನವರೆಗೆ ಕೆಸರು. ಯಾವ ದಿನ ಮಕ್ಕಳನ್ನು ಅರ್ಧ ಗಂಟೆ ಮೊದಲೇ ಹೊರಡಿಸಿದಿರಿ? ಹೊಳೆ ದಾಟಿದ ಮೇಲೆ ಕಾಲು ತೊಳೆಯಲು ನೀರು ಎಲ್ಲಿ ಸಿಕ್ಕಿತು? ಲೈಫ್ ಜಾಕೆಟ್ ಬಗ್ಗೆ ಒಂದು ಮಾತೂ ಇಲ್ಲ. ಓದಿ ಉತ್ಸಾಹದಿಂದ ಹೊರಡುವ ಇನ್ನೊಂದು ಕುಟುಂಬವನ್ನು ನೆನೆದಾದರೂ ಬರೆಯಿರಿ: ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಬೇಕು, ಕಾಲುಸಂದಿಯಿಂದ ಬಿಗಿಯುವ ಪಟ್ಟಿ ಇರಬೇಕು, ಇಲ್ಲವಾದರೆ ನೀರಿಗೆ ಬಿದ್ದಾಗ ಜಾಕೆಟ್ ಮಾತ್ರ ಮೇಲೇರಿ ಮಗು ಕೆಳಗೆ ಜಾರುತ್ತದೆ. ಪುಸ್ತಕದ ಚೀಲ ದೋಣಿಯಲ್ಲಿ ಬೆನ್ನಿಗಿರಬಾರದು.

ಈಗ ಬಾವಿ. ನಾಲ್ಕನೇ ಪುಟದಲ್ಲಿ ನಿಮ್ಮ ಅತ್ತೆ ‘ಈ ನೀರಲ್ಲಿ ಬೇಳೆಯೂ ಬೇಯುವುದಿಲ್ಲ’ ಎನ್ನುತ್ತಾರೆ. ಇಡೀ ಬರಹದ ಅತ್ಯುತ್ತಮ ಸಾಲು ಅದು. ನೀವು ಅದನ್ನು ಹಿರಿಯರ ಗೊಣಗಾಟ ಎಂಬಂತೆ ದಾಟಿ ಹೋಗಿದ್ದೀರಿ. ಅವರು ಹೇಳಿದ್ದು ಮಾರ್ಚ್ ತಿಂಗಳ ಕುದ್ರುವಿನ ಪೂರ್ತಿ ಸಮಾಚಾರ. ಅದಕ್ಕೂ ಎರಡು ಪುಟ ಮೊದಲು ನಿಮ್ಮ ಯಜಮಾನರು ಬಾವಿಗೆ ಒಂದು ಎಚ್‌ಪಿ ಪಂಪು ಕೂರಿಸಿ, ಮಾಡಿನ (ಛಾವಣಿಯ) ಮೇಲೆ ಸಾವಿರ ಲೀಟರಿನ ಟ್ಯಾಂಕು ಇಟ್ಟದ್ದನ್ನು ಸಂಭ್ರಮದಿಂದ ಬರೆದಿದ್ದೀರಿ. ಪಂಪಿಗೂ ಬೇಳೆಗೂ ಸಂಬಂಧವಿದೆ ಎಂಬುದು ನಿಮ್ಮ ಗಮನಕ್ಕೆ ಬಂದಂತಿಲ್ಲ.

ಮರಳುನೆಲದ ಕುದ್ರುವಿನಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ, ಅದು ಹಗುರವಾದ್ದರಿಂದ. ಲೆಕ್ಕದ ಪ್ರಕಾರ ಸುತ್ತಲಿನ ಉಪ್ಪುನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಅದರ ಪದರ ಇರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿದರೆ ಭಯವಾಗುತ್ತದೆ: ಮೇಲೆ ಅರ್ಧ ಅಡಿ ಇಳಿಸಿದರೆ ಕೆಳಗಿನ ಉಪ್ಪಿಗೆ ಇಪ್ಪತ್ತು ಅಡಿ ಏರಲು ದಾರಿ ಬಿಟ್ಟಂತೆ. ಮಳೆ ನಿಂತು ತಿಂಗಳುಗಳಾದ ಮೇಲೆ ಪದರ ತಾನಾಗಿಯೇ ತೆಳುವಾಗುತ್ತದೆ. ಘಟ್ಟದಿಂದ ಬರುವ ನೀರು ಬತ್ತಿ, ಹೊಳೆಯಲ್ಲೂ ಉಪ್ಪು ಮೇಲಕ್ಕೆ ನುಗ್ಗುತ್ತದೆ. ಆ ಹೊತ್ತಿನಲ್ಲಿ ದೊಡ್ಡ ಪಂಪು ಹಾಕಿ ಒಂದೇ ಸಮ ಎಳೆದರೆ ಬಾವಿಯ ಕೆಳಗೇ ಉಪ್ಪು ಕೊಡೆಯಂತೆ ಎದ್ದು ನಿಲ್ಲುತ್ತದೆ. ಬೇಳೆ ಬೇಯದಿರುವುದು ಆ ನೀರಿನಲ್ಲೇ. ಬಾವಿ ಆಳ ಮಾಡಿಸಿದರೆ ಉಪ್ಪು ಇನ್ನೂ ಹತ್ತಿರ. ಬೋರ್‌ವೆಲ್ ಮಾತೇ ಬೇಡ. ಒಮ್ಮೆ ಕೆಟ್ಟ ಬಾವಿಗೆ ಮುಂದಿನ ಮಳೆಗಾಲವೇ ಮದ್ದು. ಅರ್ಧ ಎಚ್‌ಪಿ ಪಂಪು, ಹತ್ತು ನಿಮಿಷ ಓಡಿಸಿ ಒಂದು ಗಂಟೆ ಬಿಡುವುದು, ಏಪ್ರಿಲ್, ಮೇಯಲ್ಲಿ ಹಗ್ಗ ಮತ್ತು ಕೊಡಪಾನ. ಹಳಬರು ಕೊಡಪಾನ ಬಿಡದಿರುವುದಕ್ಕೆ ಇದು ಕಾರಣ, ನೀವು ಬರೆದಂತೆ ‘ಸರಳ ಜೀವನದ ಪ್ರೀತಿ’ ಅಲ್ಲ. ನೀರು ಯಾವಾಗ ಕೆಡುತ್ತಿದೆ ಎಂದು ತಿಳಿಯಲು ಒಂದು ಸಣ್ಣ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರು ಸಾಕು. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಾಗ 2,000ದವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಜನವರಿಯಿಂದ ವಾರಕ್ಕೊಮ್ಮೆ ಅಳೆದು ಬರೆದಿಟ್ಟಿದ್ದರೆ ಆ ಅಂಕಿಗಳೇ ನಿಮ್ಮ ಕಥನದ ಬೆನ್ನೆಲುಬಾಗುತ್ತಿದ್ದವು. ಈ ಬೇಸಿಗೆಗಾದರೂ ಅಳೆಯಿರಿ.

ಮಳೆನೀರು ಹಿಡಿಯುವುದನ್ನು ‘ಯೋಚಿಸುತ್ತಿದ್ದೇವೆ’ ಎಂದು ಕೊನೆಯಲ್ಲಿ ಸೇರಿಸಿದ್ದೀರಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಇದು ಯೋಚಿಸುವ ವಿಷಯವಲ್ಲ, ಲೆಕ್ಕದ ವಿಷಯ. ಐದು ಜನರಿಗೆ ಕುಡಿಯಲು, ಅಡುಗೆಗೆ ತಲಾ ಎಂಟು ಲೀಟರಿನಂತೆ ದಿನಕ್ಕೆ 40. ಫೆಬ್ರವರಿಯಿಂದ ಮೇ ಕೊನೆಯವರೆಗೆ 120 ದಿನ ಹಿಡಿದರೆ 4,800 ಲೀಟರ್. 5,000 ಲೀಟರಿನ ಒಂದು ಕಪ್ಪು ಟ್ಯಾಂಕಿಗೆ 500 ಚದರ ಅಡಿ ಮಾಡು ಸಾಕು; ಜುಲೈಯ ನಾಲ್ಕೈದು ದಿನದ ಮಳೆಗೇ ತುಂಬುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಹಂಚಿನ ಪಾಚಿ, ಹಕ್ಕಿಯ ಹಿಕ್ಕೆ ಅದರಲ್ಲೇ ಇರುವುದು. ಟ್ಯಾಂಕನ್ನು ಸೆಪ್ಟೆಂಬರಿನಲ್ಲಿ ತೊಳೆದು, ಮಳೆ ಬಿಡುವ ಮೊದಲು ಕೊನೆಯ ಬಾರಿ ತುಂಬಿ, ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಬೇಕು. ಹಿಂದಿನ ವರ್ಷ ಇದನ್ನು ಮಾಡಿರಲಿಲ್ಲವೆಂದರೆ ಏಪ್ರಿಲ್‌ನಲ್ಲಿ ಏನು ಕುಡಿದಿರಿ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಕಡೆ ನಿಮ್ಮ ಕಥನ ಶುರುವಾಗುತ್ತದೆ ಎಂದು ನಮ್ಮ ಅಭಿಪ್ರಾಯ. ಸಿಹಿನೀರಿನ ಪದರ ದಪ್ಪ ಇರುವುದು ಕುದ್ರುವಿನ ನಡುವಿನಲ್ಲಿ, ಹೊಳೆಯಂಚಿಗೆ ಬಂದಂತೆ ತೆಳು. ಹಾಗಾಗಿ ಅಂಚಿನ ಮನೆಗಳ ಬಾವಿ ಮೊದಲು ಕೆಟ್ಟು, ನಡುವಿನ ಒಂದೋ ಎರಡೋ ಬಾವಿ ಕೊನೆಯವರೆಗೆ ಸಿಹಿಯಾಗಿ ಉಳಿಯುತ್ತವೆ. ನಿಮ್ಮದು ಹೊಳೆಯಂಚಿನ ಮನೆ. ಯಾರ ಬಾವಿಯಿಂದ ನೀರು ತಂದಿರಿ? ಕೇಳಲು ಯಾರು ಹೋದರು, ನೀವೋ ಅತ್ತೆಯೋ? ದಿನಕ್ಕೆ ಎಷ್ಟು ಕೊಡಪಾನ ಎಂದು ಮಾತಾಗಿತ್ತೇ? ನಿಮ್ಮ ಪಂಪು ಪಕ್ಕದ ಮನೆಯ ಬಾವಿಗೂ ಉಪ್ಪು ತಂದಿರಬಹುದು. ಅದರ ಬಗ್ಗೆ ಯಾರಾದರೂ ಏನಾದರೂ ಅಂದರೇ, ಅಥವಾ ಏನೂ ಅನ್ನದೆ ಉಳಿದರೇ? ‘ನೆರೆಯವರು ತುಂಬ ಒಳ್ಳೆಯವರು, ಮುಗ್ಧರು’ ಎಂದು ಮೂರು ಕಡೆ ಬರೆದಿದ್ದೀರಿ. ಒಳ್ಳೆಯವರು ಎನ್ನುವುದನ್ನು ನಂಬಿಸಲು ಅವರ ಬಾವಿಕಟ್ಟೆ ಬೇಕು. ‘ಮುಗ್ಧರು’ ಎಂಬ ಮಾತನ್ನು ಪೂರ್ತಿ ತೆಗೆಯಿರಿ. ಭರತದ ಹೊತ್ತು, ಮರಳದಿಬ್ಬ ಸರಿದ ದಿಕ್ಕು, ಗಾಳಿ ತಿರುಗುವ ಸೂಚನೆ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ನಿಮ್ಮ ಮಕ್ಕಳನ್ನು ದಿನಕ್ಕೆರಡು ಸಲ ಹೊಳೆ ದಾಟಿಸುವ ಮನುಷ್ಯ ಮುಗ್ಧನಲ್ಲ. ಇಡೀ ಬರಹದಲ್ಲಿ ಆ ದೋಣಿಯವರಿಗೆ ಒಂದು ಮಾತೂ ಕೊಟ್ಟಿಲ್ಲ.

ಇದರೊಂದಿಗೇ ಒಂದು ಎಚ್ಚರಿಕೆ. ಐದನೇ ಪುಟದಲ್ಲಿ ಒಂದು ಮನೆಯ ಜಗಳವನ್ನೂ ಅಲ್ಲಿನ ಮಗಳ ಮದುವೆ ಮುರಿದದ್ದನ್ನೂ ಹೆಸರು ಬದಲಿಸಿ ಬರೆದಿದ್ದೀರಿ. ಕೆಲವೇ ಮನೆಗಳಿರುವ ಕುದ್ರುವಿನಲ್ಲಿ ಹೆಸರು ಬದಲಿಸಿದರೆ ಏನೂ ಮರೆಯಾಗುವುದಿಲ್ಲ. ‘ಎಮ್ಮೆ ಇರುವ ಮನೆ’ ಎಂದರೆ ಕಡವಿನಲ್ಲಿ ನಿಂತವರಿಗೆಲ್ಲ ಗೊತ್ತು. ಪತ್ರಿಕೆ ಮನೆಗೆ ಬಂದ ಮರುದಿನವೂ ನೀವು ಅದೇ ದೋಣಿ ಹತ್ತಬೇಕು, ಆ ಹುಡುಗಿಯೂ ಹತ್ತಬೇಕು. ಆ ಭಾಗವನ್ನು ನಾವು ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ಉಳಿದ ಕಡೆ ಯಾರ ಮಾತನ್ನು ಬಳಸುತ್ತೀರೋ ಅವರಿಗೆ ಆ ಸಾಲುಗಳನ್ನು ಓದಿ ಹೇಳಿ, ಒಪ್ಪಿದರೆ ಮಾತ್ರ ಇಡಿ. ಮಾತಿನ ಬಗ್ಗೆಯೂ ಒಂದು: ಕೆಮ್ಮಣ್ಣಿನ ಕಡೆಯವರ ಬಾಯಲ್ಲಿ ಸಿನಿಮಾದ ಕುಂದಾಪುರ ಕನ್ನಡ ಇಟ್ಟಿದ್ದೀರಿ. ಅಲ್ಲಿ ಮನೆಮಾತು ಹೆಚ್ಚಾಗಿ ತುಳು, ಕೊಂಕಣಿ, ಬ್ಯಾರಿ. ನಿಮ್ಮೊಡನೆ ಅವರು ಆಡುವ ಕನ್ನಡ ಹೇಗಿದೆಯೋ ಹಾಗೇ ಬರೆಯಿರಿ.

ಸಾಮಾನು ಸಾಗಿಸಿದ್ದನ್ನು ‘ಹೇಗೋ ದಾಟಿಸಿದೆವು’ ಎಂದು ಮುಗಿಸಿದ್ದೀರಿ. ಆ ‘ಹೇಗೋ’ ನಮಗೆ ಬೇಕು. ಭರತ ಏರುವ ಹೊತ್ತಿಗೆ ಹೊರಟರೆ ದೋಣಿ ದಂಡೆಯವರೆಗೆ ಬರುತ್ತದೆ, ಇಳಿತಕ್ಕೆ ಸಿಕ್ಕಿದರೆ ಕಪಾಟನ್ನು ಕೆಸರಿನಲ್ಲಿ ಹೊರಬೇಕು. ಮಂಚ, ಕಪಾಟು ಬಿಚ್ಚಿದಿರೋ, ಎರಡು ದೋಣಿ ಜೋಡಿಸಿ ಹಲಗೆ ಹಾಸಿದಿರೋ? ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ ತೂಗುತ್ತದೆ, ಏಜೆನ್ಸಿಯವರು ಇಳಿಸುವುದು ಆಚೆ ದಡದಲ್ಲಿ. ಆಂಬುಲೆನ್ಸೂ ಅಲ್ಲಿಗೇ ಬಂದು ನಿಲ್ಲುತ್ತದೆ. ವಯಸ್ಸಾದ ಅತ್ತೆಯವರಿರುವ ಮನೆಯಲ್ಲಿ ರಾತ್ರಿ ಯಾರನ್ನು ಎಬ್ಬಿಸುವುದು, ಕುರ್ಚಿಯಲ್ಲಿ ಹೊತ್ತು ಒಯ್ಯಲು ಎಷ್ಟು ಜನ ಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಶೌಚಾಲಯದ ವಿಷಯ ಬರೆಯಲು ಸಂಕೋಚಪಟ್ಟಿದ್ದೀರಿ. ಬರೆಯಲೇಬೇಕು. ಜುಲೈಯಲ್ಲಿ ಕುದ್ರುವಿನ ಅಂತರ್ಜಲ ಬಹುತೇಕ ನೆಲದ ಮಟ್ಟಕ್ಕೇ ಬರುತ್ತದೆ. ಸಾಮಾನ್ಯ ಗುಂಡಿಗೆ ಕೆಳಗಿನಿಂದಲೇ ನೀರು ತುಂಬಿ, ಹೊಲಸು ಮರಳಿನಲ್ಲಿ ಹರಿದು ಬಾವಿ ಸೇರುತ್ತದೆ. ಬಾವಿಯಿಂದ ಕನಿಷ್ಠ 50 ಅಡಿ ದೂರ, ತಳಕ್ಕೂ ಸಿಮೆಂಟು ಹಾಕಿ ಮುಚ್ಚಿದ, ನೆಲದಿಂದ ಎತ್ತರಿಸಿ ಕಟ್ಟಿದ ತೊಟ್ಟಿ ಬೇಕು. ಅದು ತುಂಬಿದಾಗ ಹೀರುವ ಲಾರಿ ಹೊಳೆ ದಾಟಿ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಯ ಪುಟದಲ್ಲಿ ಹೊಳೆಯ ಕಡೆಗೆ ಒಂದು ಕೋಣೆ ವಿಸ್ತರಿಸುವ ಕನಸಿದೆ. ಸಿಆರ್‌ಝಡ್‌ನ (ಕರಾವಳಿ ನಿಯಂತ್ರಣ ವಲಯದ) 2019ರ ಅಧಿಸೂಚನೆಯಂತೆ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ರೇಖೆಯಿಂದ 20 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿದೆ. ಪಂಚಾಯತಿನಲ್ಲಿ ವಿಚಾರಿಸದೆ ಈ ಸಾಲನ್ನು ಅಚ್ಚಿಗೆ ಕೊಡಬೇಡಿ. ಹಾಗೆಯೇ ಜುಲೈಯ ಬೆಳಗ್ಗೆ ಮಲ್ಪೆಯ ಟ್ರಾಲ್‌ಬೋಟುಗಳು ಸಾಲಾಗಿ ಹೊರಡುವ ದೃಶ್ಯ ತೆಗೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ನಿಮ್ಮ ಮನೆಗೆ ಬಂದಿರುವುದು ನಾಡದೋಣಿಯ ಮೀನು ಅಥವಾ ಹೊಳೆಮೀನು, ಇಲ್ಲವೇ ಒಣಮೀನು. ಯಾವುದು ಎಂದು ಬರೆಯಿರಿ.

ಹೊಸ ಪ್ರತಿ 2,000 ಪದಗಳ ಒಳಗಿರಲಿ. ಮೊದಲ ಒಂದೂವರೆ ಪುಟದ ಬೆಂಗಳೂರಿನ ಟ್ರಾಫಿಕ್ ಪೂರ್ತಿ ಬಿಡಿ, ಅದು ಎಲ್ಲರಿಗೂ ಗೊತ್ತು. ಬೇಳೆ ಬೇಯದ ದಿನದಿಂದ ಶುರುಮಾಡಿ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಮೇ ಕೊನೆಯವರೆಗೆ ಬಾವಿಯನ್ನು ಅಳೆದು, ಒಂದು ಇಡೀ ಪಕ್ಷ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ದೋಣಿಯ ಹೊತ್ತು ಗುರುತಿಸಿಕೊಂಡು, ಮಳೆ ಶುರುವಾದ ಮೇಲೆ ಕಳಿಸಿದರೂ ನಮಗೆ ಅವಸರವಿಲ್ಲ. ದಯವಿಟ್ಟು ಯುನಿಕೋಡ್‌ನಲ್ಲಿ ಕಳಿಸಿ. ಈ ಸಲ ‘ನುಡಿ’ ತಂತ್ರಾಂಶದಿಂದ ಪರಿವರ್ತಿಸುವಾಗ ಅರ್ಕಾವತ್ತುಗಳೆಲ್ಲ ಸ್ಥಳ ಬದಲಿಸಿವೆ. ಚಿತ್ರಗಳಲ್ಲಿ ಮಕ್ಕಳ ಮುಖ ಬೇಡ. ಬಾವಿಕಟ್ಟೆಯದ್ದು ಒಂದು, ಇಳಿತದ ಹೊತ್ತಿನ ಕಡವಿನದ್ದು ಒಂದು ಇದ್ದರೆ ಸಾಕು.

ವಿಶ್ವಾಸದಿಂದ,
ಸಂಪಾದಕ