ಲೈಟ್ ಆರಿಸಿದ್ರೂ ಬಿಲ್ ಯಾಕೆ ಇಳಿಯುತ್ತಿಲ್ಲ?

ಮನೆಯ ಲೈಟುಗಳನ್ನೆಲ್ಲ ನೆನಪಿಟ್ಟು ಆರಿಸುತ್ತೀರಿ, ಆದರೂ ಕರೆಂಟ್ ಬಿಲ್ ಇಳಿಯುತ್ತಿಲ್ಲ, ಇನ್ನೇನು ಮಾಡಲಿ ಅಂತ ಕೇಳಿದ್ದೀರಿ. ಲೈಟು ಬಿಡಿ, ಮೊದಲು ಗೀಸರ್ ನೋಡಿ.

1000 ವ್ಯಾಟಿನ ಸಾಧನ ಒಂದು ಗಂಟೆ ಓಡಿದರೆ 1 ಯೂನಿಟ್. ನಿಮ್ಮ 9 ವ್ಯಾಟಿನ ಎಲ್‌ಇಡಿ ಬಲ್ಬ್ 10 ಗಂಟೆ ಉರಿದರೂ 0.09 ಯೂನಿಟ್ ಅಷ್ಟೇ. 2000 ವ್ಯಾಟಿನ ಗೀಸರ್ ಅಷ್ಟನ್ನು ಮೂರೇ ನಿಮಿಷದೊಳಗೆ ತಿಂದುಬಿಡುತ್ತದೆ! ಟ್ಯಾಂಕ್ ಇರುವ ಗೀಸರನ್ನು ದಿನವಿಡೀ ಆನ್ ಇಟ್ಟರೆ ನೀರು ತಣ್ಣಗಾದಂತೆಲ್ಲ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಬಿಸಿಯಾದ ಮೇಲೆ ಆರಿಸಿ. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಇನ್ನೂ ಒಳ್ಳೇದು. ಥರ್ಮೋಸ್ಟಾಟ್ (ನೀರು ಎಷ್ಟು ಬಿಸಿಯಾಗಬೇಕು ಅಂತ ಹೊಂದಿಸುವ ಗುಂಡಿ) ತಿರುಗಿಸೋಕೆ ಬರುವಂತಿದ್ದರೆ 50ರಿಂದ 60 ಡಿಗ್ರಿ ನಡುವೆ ಇಡಿ. ಅದಕ್ಕಿಂತ ಜಾಸ್ತಿ ಕಾಯಿಸಿ ಆಮೇಲೆ ತಣ್ಣೀರು ಬೆರೆಸೋದು ಸುಮ್ನೆ ದಂಡ ಅಲ್ವಾ?

ಆಮೇಲೆ ಫ್ರಿಜ್. ಬಾಗಿಲಿನ ರಬ್ಬರ್ ನಡುವೆ ಒಂದು ಕಾಗದ ಇಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ, ತಂಪು ಹೊರಗೆ ಹೋಗಿ ಫ್ರಿಜ್ ಜಾಸ್ತಿ ಓಡುತ್ತಿದೆ ಅಂತ. ಮೊದಲು ಅದನ್ನು ಒರೆಸಿ ನೋಡಿ, ಎಷ್ಟೋ ಸಲ ಕೊಳೆಯಿಂದಲೇ ಹಾಗಾಗಿರುತ್ತದೆ. ಒರೆಸಿದರೂ ಸರಿಹೋಗದಿದ್ದರೆ ರಬ್ಬರ್ ಮಾತ್ರ ಬದಲಿಸಿ, ಹೊಸ ಫ್ರಿಜ್ ಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಬಿಲ್ ಹಾಗೇ ಇದ್ದರೆ, ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್‌ಗಳನ್ನೂ ತೆಗೆದು ಮೀಟರ್ ನೋಡಿ. ಆಗಲೂ ಓಡುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿರಬಹುದು. ಅದಕ್ಕೆ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್‌ನ ಕರೆಸಿ.