ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ 125 ಗ್ರಾಂ ಬ್ರೆಡ್ಡನ್ನು ಯಾವುದರಿಂದ ಮಾಡುತ್ತಿದ್ದರು?

ಹಿಟ್ಟಿನಿಂದ ಅಂತ ಪೂರ್ತಿ ಹೇಳೋಕಾಗಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸೋವಿಯತ್ ನಗರ ಲೆನಿನ್‌ಗ್ರಾಡನ್ನು (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಮುತ್ತಿತ್ತು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ, ಉಳಿದ ಬಹುತೇಕರಿಗೆ 125 ಗ್ರಾಂ ಬ್ರೆಡ್ ಸಿಗುತ್ತಿತ್ತು. ಅದರ ಮುಖ್ಯ ಹಿಟ್ಟು ರೈ ಎಂಬ ಧಾನ್ಯದ್ದು. ಅದಕ್ಕೆ ಓಟ್ಸ್, ಮಾಲ್ಟ್, ಗೋದಾಮಿನ ಮೂಲೆಯ ಹಿಟ್ಟಿನ ಧೂಳು, ಹತ್ತಿಬೀಜದ ಹಿಂಡಿ ಎಲ್ಲ ಸೇರುತ್ತಿತ್ತು.

ನಮ್ಮಲ್ಲಿ ಹತ್ತಿಹಿಂಡಿ ಎಮ್ಮೆಗೆ ಹಾಕೋದು. ಅದರಲ್ಲಿ ಗಾಸಿಪಾಲ್ ಎಂಬ ವಿಷವಿದೆ, ಆದರೆ ಒಲೆಯ ಕಾವಿಗೆ ಆ ವಿಷ ಇಳಿಯುತ್ತದೆಂದು ಗೊತ್ತಾದ ಮೇಲೆ ಬ್ರೆಡ್ಡಿಗೂ ಬಂತು. ಇನ್ನೊಂದು ಮರದ ಸೆಲ್ಯುಲೋಸ್, ಅಂದರೆ ಮರದ ನಾರು. ಅರಣ್ಯ ಅಕಾಡೆಮಿಯ ವಿಜ್ಞಾನಿಗಳು ಅದನ್ನು ತಿನ್ನುವ ಹಾಗೆ ಮಾಡಿಕೊಟ್ಟರು. ಪೌಷ್ಟಿಕಾಂಶ ಸೊನ್ನೆ, ಹೊಟ್ಟೆ ತುಂಬಿದ ಭ್ರಮೆ ಅಷ್ಟೇ. ಮರ ಬಳಸಿ ಬೆಳೆಸಿದ ಯೀಸ್ಟ್ ಮಾತ್ರ ನಿಜಕ್ಕೂ ಪ್ರೋಟೀನ್ ಕೊಟ್ಟಿತು. ಕ್ಯಾಂಟೀನುಗಳಲ್ಲಿ ಅದರ ಸೂಪು ಮಾಡುತ್ತಿದ್ದರು.

ತೂಕ ಏರಿಸಲು ನೀರು ಜಾಸ್ತಿ. ಹಾಗಾಗಿ ಬ್ರೆಡ್ ಕಪ್ಪಗೆ, ಒದ್ದೆಯಾಗಿ, ಕೈಗೆ ಅಂಟುವ ಹಾಗಿರುತ್ತಿತ್ತು, ಒಂದು ಪುಟ್ಟ ತುಂಡಷ್ಟೆ. ಬೇಕರಿಗಳಿಗೆ ಕರೆಂಟಿಲ್ಲ, ಕೊಳಾಯಿ ನೀರೂ ಹೆಪ್ಪುಗಟ್ಟಿತ್ತು. ನಗರದ ಹತ್ತಿರದ ಲಡೋಗಾ ಸರೋವರದ ಮಂಜುಗಡ್ಡೆಯ ಮೇಲೆ ಲಾರಿಗಳಲ್ಲಿ ಹಿಟ್ಟು ಬರತೊಡಗಿದ ಮೇಲೆಯೇ, ಡಿಸೆಂಬರ್ 25ರಂದು, ಪಡಿತರ ಮೊದಲ ಬಾರಿ ಏರಿದ್ದು: ಕಾರ್ಮಿಕರಿಗೆ 100 ಗ್ರಾಂ ಹೆಚ್ಚು, ಉಳಿದವರಿಗೆ 75 ಗ್ರಾಂ ಹೆಚ್ಚು.