ಮೂರನೆಯ ಪಕ್ಷಕ್ಕೆ ಮತ ಬಂದರೂ ಸ್ಥಾನ ಬಾರದೇಕೆ?

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದಿರುವ ನನ್ನ ಮಗ ಪ್ರತಿ ಚುನಾವಣೆಯಲ್ಲೂ ‘ಎರಡೂ ಬೇಡವೆನಿಸಿದರೂ ಅವೆರಡರಲ್ಲೇ ಒಂದನ್ನು ಆರಿಸಬೇಕು’ ಎಂದು ಗೊಣಗುತ್ತಾನೆ. ಅಷ್ಟು ದೊಡ್ಡ ದೇಶದಲ್ಲಿ ಮೂರನೆಯ ಪಕ್ಷವೊಂದು ಏಕೆ ಬೇರೂರುವುದಿಲ್ಲ? ಅದು ಮತದಾರರ ತಪ್ಪೇ? ನಮ್ಮಲ್ಲಿ ಜೆಡಿಎಸ್ ಉಳಿದುಕೊಂಡಿದೆಯಲ್ಲ?
– ನಿವೃತ್ತ ಶಿಕ್ಷಕರು, ಬಸವನಗುಡಿ, ಬೆಂಗಳೂರು

ಉತ್ತರ: ತಪ್ಪನ್ನು ಮತದಾರರ ತಲೆಗೆ ಕಟ್ಟುವ ಮೊದಲು ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸುವ ಕ್ರಮವನ್ನು ನೋಡಬೇಕು. ಒಂದು ಕ್ಷೇತ್ರಕ್ಕೆ ಒಂದೇ ಸ್ಥಾನ. ಅತಿ ಹೆಚ್ಚು ಮತ ಪಡೆದವರಿಗೆ ಅದು ಇಡಿಯಾಗಿ ಸಲ್ಲುತ್ತದೆ, ಎರಡನೆಯವರಿಗೂ ಹತ್ತನೆಯವರಿಗೂ ಸಮನಾಗಿ ಸೊನ್ನೆ. ಈ ಪದ್ಧತಿ ರಾಜಕೀಯವನ್ನು ಎರಡು ಪಕ್ಷಗಳ ಕಡೆಗೆ ವಾಲಿಸುತ್ತದೆ ಎಂದು ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮಾರಿಸ್ ಡ್ಯುವರ್ಜೆ 1951ರಲ್ಲಿ ವಾದಿಸಿದರು. ಚದುರಿದ ಮತಗಳು ಎಣಿಕೆಯಲ್ಲಿಯೇ ಕರಗಿಹೋಗುತ್ತವೆ ಎಂಬುದು ಅವರು ಕೊಟ್ಟ ಒಂದು ಕಾರಣ; ಹಾಗೆ ಕರಗುತ್ತದೆಂದು ಮೊದಲೇ ಬಲ್ಲ ಮತದಾರರು ತಮ್ಮ ಮತ ವ್ಯರ್ಥವಾಗದಿರಲೆಂದು ದೊಡ್ಡ ಪಕ್ಷದತ್ತ ಸರಿಯುತ್ತಾರೆ ಎಂಬುದು ಇನ್ನೊಂದು. 2023ರಲ್ಲಿ ನಿಮ್ಮ ನೆರೆಯ ಜಯನಗರ ಕ್ಷೇತ್ರದ ಫಲಿತಾಂಶ ಕೇವಲ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಂಥ ಕ್ಷೇತ್ರದಲ್ಲಿ ಮೂರನೆಯ ಅಭ್ಯರ್ಥಿಯನ್ನು ಮೆಚ್ಚಿದವರು ಮತಗಟ್ಟೆಯಲ್ಲಿ ಕ್ಷಣಕಾಲ ತಡೆದು ಯೋಚಿಸಿದರೆ ಅದನ್ನು ಹೇಡಿತನ ಎನ್ನಲಾಗದು.

ಅಮೆರಿಕದಲ್ಲಿ ಈ ಒತ್ತಡ ಇನ್ನೂ ಬಿಗಿ. ಅಲ್ಲಿ ಗೆಲ್ಲಬೇಕಾದ ಅತಿ ದೊಡ್ಡ ಹುದ್ದೆ ಒಂದೇ, ಅದನ್ನು ಹಂಚಿಕೊಳ್ಳುವಂತಿಲ್ಲ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ಮತಗಳು; 48 ರಾಜ್ಯಗಳು ತಮ್ಮ ಪಾಲನ್ನು ಇಡುಗಂಟಾಗಿ ತಮ್ಮಲ್ಲಿ ಮುಂದಿರುವವರಿಗೇ ಒಪ್ಪಿಸುತ್ತವೆ. 1992ರಲ್ಲಿ ಸ್ವತಂತ್ರ ಅಭ್ಯರ್ಥಿ ರಾಸ್ ಪೆರೋ ದೇಶದಾದ್ಯಂತ ಸುಮಾರು ಶೇ 19ರಷ್ಟು ಜನಮತ ಪಡೆದರೂ ಒಂದೇ ಒಂದು ಎಲೆಕ್ಟೋರಲ್ ಮತವನ್ನೂ ಗಳಿಸಲಿಲ್ಲ.

ಆದರೆ ನನ್ನ ಮಟ್ಟಿಗೆ ಹೆಚ್ಚು ಪಾಠ ಹೇಳುವುದು 1948ರ ಚುನಾವಣೆ. ಆ ವರ್ಷ ಕಣದಲ್ಲಿದ್ದ ಇಬ್ಬರು ಹೊರಗಿನ ಅಭ್ಯರ್ಥಿಗಳು, ದಕ್ಷಿಣದ ಸ್ಟ್ರಾಮ್ ಥರ್ಮಂಡ್ ಮತ್ತು ಮಾಜಿ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್, ಹೆಚ್ಚುಕಡಿಮೆ ಒಂದೇ ಪ್ರಮಾಣದ, ಶೇ 2.4ರಷ್ಟು ಮತ ಪಡೆದರು. ಥರ್ಮಂಡ್ ಅವರ ಮತಗಳು ದಕ್ಷಿಣದ ಕೆಲವೇ ರಾಜ್ಯಗಳಲ್ಲಿ ದಟ್ಟೈಸಿದ್ದರಿಂದ ಅವರಿಗೆ 39 ಎಲೆಕ್ಟೋರಲ್ ಮತಗಳು ಬಂದವು. ವ್ಯಾಲೇಸ್ ಅವರ ಮತಗಳು ಯಾವ ರಾಜ್ಯದಲ್ಲೂ ಮೊದಲ ಸ್ಥಾನಕ್ಕೆ ಸಾಲುವಷ್ಟು ಇರದಿದ್ದರಿಂದ ಏನೂ ಬರಲಿಲ್ಲ. ಎಷ್ಟು ಮತ ಎನ್ನುವುದಕ್ಕಿಂತ ಎಲ್ಲಿಯ ಮತ ಎನ್ನುವುದೇ ಮೂರನೆಯವರ ಹಣೆಬರಹವನ್ನು ನಿರ್ಧರಿಸುತ್ತದೆ.

ಜೆಡಿಎಸ್ ಉಳಿದಿರುವುದೂ ಇದೇ ಕಾರಣಕ್ಕೆ. ಹಾಸನ, ಮಂಡ್ಯ, ತುಮಕೂರಿನ ಕಡೆ ಅದು ಮೂರನೆಯ ಪಕ್ಷವೇ ಅಲ್ಲ, ಕ್ಷೇತ್ರದ ಮಟ್ಟಿಗೆ ಮೊದಲನೆಯದೋ ಎರಡನೆಯದೋ ಆಗಿರುತ್ತದೆ. 2023ರಲ್ಲಿ ರಾಜ್ಯದಲ್ಲಿ ಶೇ 13ರಷ್ಟು ಮತ ಪಡೆದು 19 ಸ್ಥಾನ ಗೆದ್ದ ಆ ಪಕ್ಷಕ್ಕೆ ಬೆಂಗಳೂರು ನಗರದೊಳಗೆ ಒಂದೂ ದಕ್ಕಲಿಲ್ಲ. ಜೊತೆಗೆ ನಮ್ಮದು ಸಂಸದೀಯ ಪದ್ಧತಿ: 2018ರಲ್ಲಿ 224 ಸದಸ್ಯರ ಸದನದಲ್ಲಿ 37 ಸ್ಥಾನಗಳ ಪಕ್ಷಕ್ಕೆ ಮುಖ್ಯಮಂತ್ರಿ ಪದವಿಯೇ ಒಲಿಯಿತು. ಅತಂತ್ರ ವಿಧಾನಸಭೆಯ ಈ ಭಾಗ್ಯ ಅಮೆರಿಕದ ಸಣ್ಣ ಪಕ್ಷಕ್ಕೆ ಕನಸಿನಲ್ಲೂ ಇಲ್ಲ.

ಪಕ್ಷ ಒಡೆದು ಹೊರಬಂದವರ ಕಥೆ ಮಾತ್ರ ಎರಡೂ ಕಡೆ ಒಂದೇ. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದಿಂದ ಸಿಡಿದು ಸ್ವಂತ ಪಕ್ಷ ಕಟ್ಟಿ, ತಮ್ಮ ಹಳೆಯ ಪಕ್ಷದ ಟಾಫ್ಟ್ ಅವರಿಗಿಂತ ಹೆಚ್ಚು ಮತ ಪಡೆದರು. ಗೆದ್ದವರು ಶೇ 42ರಷ್ಟು ಮತ ಪಡೆದ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್. ನಮ್ಮಲ್ಲಿ 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಶೇ 10ರ ಸಮೀಪ ಮತ ಪಡೆದು ಗೆದ್ದದ್ದು 6 ಸ್ಥಾನ ಮಾತ್ರ. ಆದರೆ ಬಿಜೆಪಿ 110ರಿಂದ 40ಕ್ಕೆ ಕುಸಿಯಿತು, 2008ಕ್ಕಿಂತ ಶೇಕಡಾ ಎರಡರಷ್ಟು ಅಂಶ ಮಾತ್ರ ಹೆಚ್ಚು ಮತ ಪಡೆದ ಕಾಂಗ್ರೆಸ್ 80ರಿಂದ 122ಕ್ಕೆ ಏರಿತು. ರೂಸ್‌ವೆಲ್ಟ್ 1916ರಲ್ಲಿ, ಯಡಿಯೂರಪ್ಪ 2014ರಲ್ಲಿ ಹಳೆಯ ಮನೆಗೇ ಮರಳಿದರು. ಮನೆ ಬಿಡದೆ ಒಳಗೇ ಜಗಳವಾಡುವ ಅವಕಾಶವೂ ಅಮೆರಿಕದಲ್ಲಿದೆ: ಸ್ವತಂತ್ರ ಸೆನೆಟರ್ ಬರ್ನಿ ಸ್ಯಾಂಡರ್ಸ್ 2016ರಲ್ಲಿ ಹೊಸ ಪಕ್ಷ ಕಟ್ಟದೆ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸ್ಪರ್ಧೆಗೆ, ಇಳಿದರು. ಹೊಸ ಪಕ್ಷಕ್ಕೆ ಹೋಗಬೇಕಾದ ಅಸಮಾಧಾನವನ್ನು ಹಳೆಯ ಪಕ್ಷಗಳು ಹೀಗೆ ಹೀರಿಕೊಳ್ಳುತ್ತವೆ.

ಪ್ರಶ್ನೆ: ಹಾಗಾದರೆ ಎಣಿಕೆಯ ಪದ್ಧತಿಯನ್ನೇ ಬದಲಿಸಬಾರದೇಕೆ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಬದಲಿಸಬಹುದು. ನ್ಯೂಜಿಲೆಂಡ್ 1993ರ ಜನಮತಗಣನೆಯಲ್ಲಿ ಮತಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯವನ್ನು ಒಪ್ಪಿಕೊಂಡು, 1996ರಿಂದ ಅದರಂತೆಯೇ ಚುನಾವಣೆ ನಡೆಸುತ್ತಿದೆ. ಅಲ್ಲಿ ಸಣ್ಣ ಪಕ್ಷಗಳು ಸಂಸತ್ತಿನಲ್ಲಿ ಕುಳಿತಿವೆ. ಬ್ರಿಟನ್ನಿನ ಮತದಾರರು 2011ರಲ್ಲಿ ಪ್ರಾಶಸ್ತ್ಯ ಮತದ ಪ್ರಸ್ತಾವವನ್ನು ದೊಡ್ಡ ಅಂತರದಿಂದ ತಿರಸ್ಕರಿಸಿದರು. ತೊಡಕು ಇರುವುದು ಒಂದೇ ಕಡೆ: ಕಾನೂನು ಬದಲಿಸುವ ಅಧಿಕಾರ ಇರುವುದು ಹಳೆಯ ಪದ್ಧತಿಯಿಂದಲೇ ಗೆದ್ದುಬಂದವರ ಕೈಯಲ್ಲಿ.

ಅಂದ ಹಾಗೆ ನೀವು ಪದವೀಧರರಾಗಿದ್ದು ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದಲ್ಲಿ ಹೆಸರು ನೋಂದಾಯಿಸಿದ್ದರೆ ಇನ್ನೊಂದು ಪದ್ಧತಿಯನ್ನು ಈಗಾಗಲೇ ಬಳಸಿರುತ್ತೀರಿ. ಅಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತೇವೆ. ಕೊನೆಯ ಸ್ಥಾನದಲ್ಲಿರುವವರು ಹೊರಬಿದ್ದಾಗ ಅವರ ಮತ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗವಾಗುತ್ತದೆ. ಆದ್ದರಿಂದ ಮೆಚ್ಚಿದವರಿಗೆ ಮೊದಲ ಪ್ರಾಶಸ್ತ್ಯ ಕೊಟ್ಟೂ ಒಲ್ಲದವರನ್ನು ತಡೆಯಬಹುದು. ಆದರೂ ಅಲ್ಲಿ ಗೆಲ್ಲುವವರು ಹೆಚ್ಚಾಗಿ ದೊಡ್ಡ ಪಕ್ಷಗಳವರೇ, ಏಕೆಂದರೆ ಮತದಾರರ ನೋಂದಣಿಗೆ ಮನೆಮನೆ ಅಲೆಯಲು ಕಾರ್ಯಕರ್ತರಿರುವುದು ಅವರಿಗೇ.